ಯಶವಂತಪುರದ ಬೆಳಗಿನ ಕಪ್ಪುಹಲಗೆ

ಇನ್ನೂ ಐದೂವರೆ ಗಂಟೆ. ಯಶವಂತಪುರದ ಸ್ಟೇಷನ್ ರಸ್ತೆಯಲ್ಲಿ ಕಾಫಿ ಅಂಗಡಿಯ ಒಲೆಯೊಂದೇ ಎದ್ದಿದೆ. ಕೊಡಿಗೇಹಳ್ಳಿಯಿಂದ ಸೈಕಲ್ ತುಳಿದು ಬಂದ ಚಿಕ್ಕಬೈರಪ್ಪನವರು ವಾಚನಾಲಯದ ಬೀಗ ತೆಗೆದು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಕಸಬರಿಗೆ ಹಿಡಿಯುವ ಮೊದಲೇ ಒದ್ದೆ ಬಟ್ಟೆಯಿಂದ ಕಪ್ಪುಹಲಗೆಯನ್ನು ಮೂಲೆಯಿಂದ ಮೂಲೆಗೆ ಒರೆಸುತ್ತಾರೆ. ಒಂದು ಅಂಕಿಯೂ ಉಳಿಯಬಾರದು.

ಪತ್ರಿಕೆಗಳು ಬಂದ ಕೂಡಲೇ ‘ಬೇಕಾಗಿದ್ದಾರೆ’ ಎಂಬ ಜಾಹೀರಾತುಗಳನ್ನೆಲ್ಲ ಸೀಮೆಸುಣ್ಣದಲ್ಲಿ ದಪ್ಪಕ್ಷರವಾಗಿ ಬರೆಯುತ್ತಾರೆ. ಬೆಂಚುಗಳ ಮೇಲೆ ಆಗಲೇ ಇಪ್ಪತ್ತು ಇಪ್ಪತ್ತೈದು ಜನ. ಸುತ್ತಲಿನ ಕಾರ್ಖಾನೆಗಳು ಈ ವರ್ಷ, ಅರವತ್ತೇಳರಲ್ಲಿ, ಆಳು ಕಡಿಮೆ ಮಾಡಿದ ಮೇಲೆ ಬೆಳಗಿನ ಓದುಗರು ಎರಡರಷ್ಟಾಗಿದ್ದಾರೆ.

“ಏನ್ ಬೈರಪ್ಪಣ್ಣ, ಡಿ.ಸಿ. ಕೆಲ್ಸ ಇವತ್ತೂ ಖಾಲಿ ಇಲ್ವಾ?” ಎಂದು ಕೇಳುತ್ತಾನೆ ಕೆಲಸ ಕಳೆದುಕೊಂಡ ಫಿಟ್ಟರ್ ಮುಜಫ್ಫರ್.

“ಐತೆ. ನಿನ್ ಎಸ್ರು ಬರ್ಸಿವ್ನಿ, ಓಗಿ ಸೂಟ್ ಒಲಿಸ್ಕೊ. ಅದ್ಕೆ ಮೊದ್ಲು ಇದ್ನ ಓದು.”

ಮುಜಫ್ಫರ್ ಹಲಗೆಯ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತಾನೆ. ಚಿಕ್ಕಬೈರಪ್ಪನವರು ಪತ್ರಿಕೆಯ ಮೇಲೆ ಬೆರಳಿಟ್ಟು ತಾಳೆ ನೋಡುತ್ತಾರೆ. ಹೀಗೆ ಓದಿಸದೆ ಹಲಗೆಯನ್ನು ಬಾಗಿಲ ಹೊರಗೆ ಇಡುವುದಿಲ್ಲ.

ಅವರು ಇಲ್ಲಿ ಜವಾನರಾಗಿ ಹನ್ನೊಂದು ವರ್ಷವಾಯಿತು. ಬಾಗಿಲು ತೆಗೆಯುವ ನಿಯಮದ ಹೊತ್ತು ಎಂಟು ಗಂಟೆ. “ಏಳಕ್ಕೆಲ್ಲ ಕಾರ್ಖಾನೆ ಗೇಟ್‌ತಾವ ನಿಂತಿರ್ಬೇಕು ಸ್ವಾಮಿ. ಎಂಟಕ್ಕೆ ಬಾಗ್ಲು ತೆಗೆದ್ರೆ ಯಾರಿಗ್ ಬಂತು?” ಎನ್ನುತ್ತಾರೆ. ಮೇಲಿನವರು ಒಮ್ಮೆ ಆಕ್ಷೇಪಿಸಿದಾಗ, “ಎಂಟರಿಂದ ಈಚೆಗೆ ನಿಮ್ ಕೆಲ್ಸ, ಅದ್ರಿಂದ ಮುಂಚೇದು ನಂದು” ಎಂದರಂತೆ. ಆಮೇಲೆ ಯಾರೂ ಕೇಳಲಿಲ್ಲ.

ಗೋಡೆಯ ಗೂಡಿನಲ್ಲಿ ಊಟದ ಡಬ್ಬಿಗಳ ಸಾಲಿದೆ. ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಲಾರದೆ, ಎಂದಿನಂತೆ ಡಬ್ಬಿ ಹಿಡಿದು ಹೊರಟುಬಂದವರವು. ಚಿಕ್ಕಬೈರಪ್ಪನವರು ಯಾರ ಡಬ್ಬಿ ಎಂದು ಕೇಳುವುದಿಲ್ಲ. ಅವರ ತಮ್ಮ ಲಕ್ಕಣ್ಣನೂ ಗಿರಣಿ ಕೆಲಸ ಹೋದಾಗ ಹೀಗೆಯೇ ಹೊರಡುತ್ತಿದ್ದ. ಮಳೆಗಾಲವೆಲ್ಲ ಹೆಬ್ಬಾಳದ ಕೆರೆ ಏರಿಯ ಮೇಲೆ ಕೂತು ಹೊತ್ತು ಕಳೆದ. ಹಿಡಿದ ಜ್ವರ ಬಿಡಲಿಲ್ಲ. “ದೇವ್ರು ಕರ್ಕೊಂಡ, ಸರಿ. ಆದ್ರೆ ಕೂತ್ಕಳಾಕೆ ಒಂದು ಬೆಂಚು ನಾವು ಕೊಡ್ಬೋದಿತ್ತು.” ಇಷ್ಟು ಹೇಳಿ ಅವರು ಪತ್ರಿಕೆ ಮಡಿಸತೊಡಗುತ್ತಾರೆ.

ಇಂಥವರ ಕೈಯಲ್ಲೂ ಒಂದು ತಪ್ಪಾಯಿತು. ಜಾಹೀರಾತುಗಳಿಗೆಲ್ಲ ‘ಕೊನೆಯ ದಿನ’ ಎಂಬ ಸಾಲು ಇದ್ದೇ ಇರುತ್ತದೆಂದು ಅದನ್ನು ಅಳಿಸದೆ ಅಂಕಿಯನ್ನಷ್ಟೇ ಬದಲಿಸುವುದು ಆಗಿನ ರೂಢಿ. ಈ ಬೇಸಗೆಯ ಒಂದು ಬೆಳಿಗ್ಗೆ ಅಂಕಿ ಬದಲಿಸಲು ಮರೆತರು; ಹಿಂದಿನ ಜಾಹೀರಾತಿನ ಹದಿನಾಲ್ಕೇ ಉಳಿಯಿತು. ಲೇತ್ ಕೆಲಸ ಬಲ್ಲ ಆನಂದಪ್ಪ ಹಲಗೆಯನ್ನು ನಂಬಿ ಹದಿನಾಲ್ಕನೆಯ ತಾರೀಕು ಹೆಬ್ಬಾಳದಾಚೆಯ ಕಾರ್ಖಾನೆಗೆ ನಡೆದು ಹೋದರು. ಅರ್ಜಿ ಹನ್ನೆರಡಕ್ಕೇ ಮುಗಿದಿತ್ತು. ಮೂವತ್ತೈದು ದಾಟಿದವರನ್ನು ಯಾವ ಕಾರ್ಖಾನೆಯೂ ತೆಗೆದುಕೊಳ್ಳುತ್ತಿರಲಿಲ್ಲ. ಆನಂದಪ್ಪನವರಿಗೆ ಮೂವತ್ತೈದು ತುಂಬಲು ಎರಡೇ ತಿಂಗಳಿತ್ತು.

ತಿರುಗಿ ಬಂದ ಆನಂದಪ್ಪ ಕೂಗಾಡಲಿಲ್ಲ. “ತಾರೀಕು ಹಳೇದಿತ್ತು ಕಣಣ್ಣ” ಎಂದು ಬೆಂಚಿನ ತುದಿಯಲ್ಲಿ ಕೂತರು.

ಚಿಕ್ಕಬೈರಪ್ಪನವರು ಎಲ್ಲರ ಮುಂದೆ ನಿಂತು, “ತಪ್ಪು ನಂದು. ನಾಳೆಯಿಂದ ನಾನ್ ಬರ್ದಿದ್ದ ನೀನೇ ಓದಿ ಒಪ್ಪಿಸ್ಬೇಕು. ನಿಂಗೆ ಕೆಲ್ಸ ಸಿಕ್ಕೋಗಂಟ ನಂಗೆ ನೀನೇ ಮೇಷ್ಟ್ರು” ಎಂದರು.

ಅಂದಿನಿಂದ ಹಲಗೆ ಪೂರ್ತಿ ಒದ್ದೆ ಬಟ್ಟೆಯ ಪಾಲು. ಆನಂದಪ್ಪ ನಲವತ್ತೊಂದು ಬೆಳಿಗ್ಗೆ ತಪ್ಪದೆ ಓದಿದರು. ನಲವತ್ತೆರಡನೆಯ ದಿನ ಓದುತ್ತ ಓದುತ್ತ ಒಂದು ಸಾಲನ್ನು ಎರಡು ಸಲ ಓದಿದರು. ಲೇತ್ ಕೆಲಸಕ್ಕೆ ಆರು ಮಂದಿ ಬೇಕು, ಅರ್ಜಿಗೆ ಅಂದೇ ಮಧ್ಯಾಹ್ನ ಕೊನೆ. ಚಿಕ್ಕಬೈರಪ್ಪನವರು ತಾರೀಕನ್ನು ಮೂರು ಸಲ ನೋಡಿ, ಅಲ್ಲೇ ಅರ್ಜಿ ಬರೆದರು. ತಮ್ಮ ಸೈಕಲ್ ಕೊಟ್ಟರು. “ಬ್ರೇಕ್ ಇಲ್ಲ, ಉಸಾರು. ನಿಂಗೀಗ ಬ್ರೇಕೂ ಬ್ಯಾಡ” ಎಂದರು. ಆ ಸಂಜೆ ಅವರು ಕೊಡಿಗೇಹಳ್ಳಿಗೆ ನಡೆದೇ ಹೋದರು.

ಆನಂದಪ್ಪ ಈಗ ಆ ಕಾರ್ಖಾನೆಯ ಕೆಲಸಗಾರ. ಈ ವರ್ಷ ಹಲಗೆ ನೋಡಿ ಕೆಲಸ ಹಿಡಿದವರಲ್ಲಿ ಅವರು ಹತ್ತೊಂಬತ್ತನೆಯವರು. ಅವರಿದ್ದ ಜಾಗದಲ್ಲಿ ಮುಜಫ್ಫರ್ ಓದುತ್ತಾನೆ. ಸಂಜೆ ಆರಕ್ಕೆ ಆನಂದಪ್ಪ ವಾಚನಾಲಯಕ್ಕೆ ಬರುತ್ತಾರೆ. ಬೀದಿ ನಲ್ಲಿಯಲ್ಲಿ ಕೈಯ ಎಣ್ಣೆಜಿಡ್ಡು ತೊಳೆದು, ಕಪಾಟಿನಿಂದ ಒಂದು ಕತೆ ಪುಸ್ತಕ ತೆಗೆದುಕೊಂಡು ಕೂರುತ್ತಾರೆ. ಹಲಗೆಯ ಕಡೆ ನೋಡುವುದಿಲ್ಲ.

ನಿಮಗೇನು ಬೇಕು ಎಂದು ಕೇಳಿದರೆ ಚಿಕ್ಕಬೈರಪ್ಪನವರು ಆನಂದಪ್ಪ ಕೂತ ಬೆಂಚಿನತ್ತ ಕೈ ತೋರಿಸುತ್ತಾರೆ. “ಬೆಳಿಗ್ಗೆ ಇವು ಖಾಲಿ ಇರ್ಬೇಕು, ಸಂಜೆ ತುಂಬಿರ್ಬೇಕು. ಅಷ್ಟು ಸಾಕು ಸ್ವಾಮಿ. ಅಲ್ಲೀಗಂಟ ಐದೂವರೆಗೆ ಬಾಗ್ಲು ತೆಗಿತೀನಿ.”