ತಿನ್ನಿಸಬಾರದ ಗಿಡ

ಜಿಲಾಂಗ್ ಊರಿನ ಮರ್ಲ್ ಯಾರ ತಟ್ಟೆಯನ್ನೂ ಖಾಲಿ ಬಿಟ್ಟವಳಲ್ಲ. ಹೊಸದಾಗಿ ಕೊಂಡ ಮನೆಯ ಬೇಲಿಯಂಚಿನಲ್ಲಿದ್ದ, ಹೆಸರು ಗೊತ್ತಿಲ್ಲದ ಪೊದೆ ಅವಳ ಕಣ್ಣಿಗೆ ಬಡಕಲಾಗಿ ಕಂಡಿತು. ಅದಕ್ಕೂ ಕೋಳಿಗೊಬ್ಬರ ಸುರಿದಳು; ಎಲೆ ಹಳದಿಯಾದಷ್ಟೂ ಇನ್ನಷ್ಟು ಸುರಿದಳು.

ಪಕ್ಕದ ಮನೆಯ ಮುದುಕ ಡಾರ್ಸಿ ಬೇಲಿಯಾಚೆಯಿಂದ ಬಗ್ಗಿ ಎಲೆ ಮಗುಚಿದ. ಅಡಿಭಾಗ ಬೆಳ್ಳಗಿತ್ತು.

"ಇದು ಬ್ಯಾಂಕ್ಸಿಯಾ ಕಣೇ ಮಾರಾಯ್ತಿ! ಸತ್ವ ಇಲ್ಲದ ಮರಳಲ್ಲೇ ಬೆಳೆಯೋದು. ಗೊಬ್ಬರ ಅಂದ್ರೆ ಇದಕ್ಕೆ ವಿಷ. ತಿನ್ನಿಸಿ ತಿನ್ನಿಸಿ ಸಾಯಿಸ್ತಿದ್ದೀಯ."

"ಮತ್ತೇನು ಮಾಡ್ಲಿ?"

"ಗೊಬ್ಬರ ಕೆರೆದು ತೆಗಿ. ಆಮೇಲೆ ಸುಮ್ನಿರು, ನಿನ್ನ ಕೈಲಾದ್ರೆ!"

ಭಾನುವಾರ ಮಗ ಲಾಕ್ಲನ್ ಊಟಕ್ಕೆ ಬಂದ. ಅವನ ತಟ್ಟೆಗೆ ಇನ್ನೊಂದು ತುಂಡು ಕುರಿಮಾಂಸ ಬಡಿಸಲು ಹೋದ ಮರ್ಲಳ ಕೈ ಅಲ್ಲೇ ನಿಂತಿತು.

"ಸಾಕೇನೋ?" ಎಂದಳು.

ತಲೆ ನರೆಯುತ್ತಿದ್ದ ಮಗ ಅಮ್ಮನನ್ನೇ ನೋಡಿದ. ಆ ಮಾತನ್ನು ಅವಳ ಬಾಯಲ್ಲಿ ಅವನು ಎಂದೂ ಕೇಳಿರಲಿಲ್ಲ.