ಪುಸ್ತಕದ ಅಂಚಿನಲ್ಲಿ ಬರೆದಾಕಿ

ಅರವತ್ತರ ದಶಕದ ಮೊದಲ ವರ್ಷಗಳು. ಕೊಲ್ಹಾಪುರದಲ್ಲಿ ನಾನು ಶಿಕ್ಷಕಿಯ ತರಬೇತಿಗೆ ಓದುತ್ತಿದ್ದೆ. ನಮ್ಮ ಮನೆ ಗಡಹಿಂಗ್ಲಜದಲ್ಲಿ. ಆದರೆ ಬೇಸಿಗೆ ರಜೆ ಬಂತೆಂದರೆ ಇಚಲಕರಂಜಿಯ ಸೋದರಮಾವನ ಮನೆಗೆ ಓಡುತ್ತಿದ್ದೆ. ಅಲ್ಲೊಂದು ವಾಚನಾಲಯವಿತ್ತು.

ಆ ವರ್ಷ ಅಲ್ಲಿಂದ ದಪ್ಪನೆಯ ಮರಾಠಿ ಕಾದಂಬರಿಯೊಂದನ್ನು ತಂದೆ. ಚಿಕ್ಕ ಸಂಸ್ಥಾನವೊಂದರ ಕಾರಭಾರಿಯನ್ನು ಗುಂಡಿಕ್ಕಿ ಕೊಂದು ಗಲ್ಲಿಗೇರಿದವನ ಮನೆಯವರ ಕತೆ. ಕೊಲೆ ನಿಜವಾಗಿಯೂ ನಡೆದದ್ದು. ಹಟ ಮಾಡುವ ಮಕ್ಕಳನ್ನು ನಮ್ಮ ಕಡೆ ಅವನ ಹೆಸರು ಹೇಳಿಯೇ ಹೆದರಿಸುತ್ತಿದ್ದರು.

ಓದುತ್ತಾ ಹೋದಂತೆ ಅಂಚಿನಲ್ಲಿ ಪೆನ್ಸಿಲಿನ ಅಕ್ಷರ ಕಂಡಿತು. ಅದೂ ಕನ್ನಡ! ಕೊಲೆಗಾರನ ಮನೆಯ ವರ್ಣನೆಯ ಪಕ್ಕದಲ್ಲಿ: ‘ಮನಿ ಬಾಗಿಲಾ ಮೂಡಣಕ್ಕಿತ್ತು.’ ಮುಂದೆ, ಹೆಂಡತಿ ಆರತಿ ಎತ್ತಿ ಗಂಡನನ್ನು ಕೊಲೆಗೆ ಕಳಿಸುವ ಪ್ರಸಂಗದ ಪಕ್ಕದಲ್ಲಿ: ‘ಸುಳ್ಳು. ಅವ್ವಗ ಗೊತ್ತ ಇದ್ದಿಲ್ಲ.’

ಯಾರ ಅವ್ವ? ಊಟಕ್ಕೆ ಕರೆದರೂ ಏಳದೆ ಮುಂದಿನ ಪುಟ ತಿರುವಿದೆ. ಗಲ್ಲಿನ ಅಧ್ಯಾಯ ಬರುತ್ತಲೇ ಪೆನ್ಸಿಲ್ ನಿಂತುಹೋಗಿತ್ತು.

ವಾಚನಾಲಯದವರನ್ನು ಕೇಳಿದೆ. “ನಿಮಗಿಂತ ಮೊದ್ಲ ಒಬ್ಬಾಂವ ಅಷ್ಟ ಒಯ್ದಾನ್ರಿ. ಮಗ್ಗ ನಡಸ್ತಾನ. ತಾಯಿಗೆ ಓದಾಕ ಅಂತ ದಪ್ಪನ್ನ ಪುಸ್ತಕ ನೋಡಿ ಒಯ್ತಾನ,” ಅಂದರು. ಆ ಮನೆ ನಮ್ಮ ಮಾವನ ಮನೆಯ ಹಿಂದಿನ ಓಣಿಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಹೋದೆ. ಒಳಗಿನ ತಗಡು ಹೊದಿಸಿದ ಕೋಣೆಯಲ್ಲಿ ಮಗ ಮಗ್ಗ ನಡೆಸುತ್ತಿದ್ದ. ಆ ಸದ್ದಿಗೆ ಗೋಡೆ ನಡುಗುತ್ತಿತ್ತು. ಪಡಸಾಲೆಯಲ್ಲಿ ಎಪ್ಪತ್ತು ದಾಟಿದ ತಾಯಿ ನೂಲು ಸುತ್ತುತ್ತ ಕೂತಿದ್ದಳು. ಪುಟ ತೆರೆದು ಅವಳ ಮುಂದೆ ಹಿಡಿದೆ.

“ಇದನ್ನ ಬರದಾಕಿ ನೀವ ಏನ್ರಿ, ಆಯಿ?”

ಅವಳ ಕೈ ನಿಂತಿತು. ಒಳಬಾಗಿಲ ಕಡೆ ನೋಡಿ, ನನ್ನ ರಟ್ಟೆ ಹಿಡಿದು ಹತ್ತಿರ ಕೂರಿಸಿಕೊಂಡಳು. “ಮಗ್ಗ ನಡದಿರೂತನಕ ಮಾತಾಡು. ಮಗಗ ಇದು ಗೊತ್ತಿಲ್ಲ.”

ಅಪ್ಪ ಕೊಲೆ ಮಾಡಿದಾಗ ಅವಳಿಗೆ ಎಂಟು ವರ್ಷ. ಸುದ್ದಿ ಬಂದಾಗ ಅವ್ವ ಹಿತ್ತಲಲ್ಲಿ ಕೌದಿ ಒಗೆಯುತ್ತಿದ್ದಳಂತೆ. ಕೇಳಿ ಅಳಲಿಲ್ಲ, ಕೌದಿ ಹಿಂಡಿ ಒಣಹಾಕಿದಳು. ಊರವರು ಬಾವಿಗೆ ಬಿಡಲಿಲ್ಲ. ಒಂದು ದಿನ ಬೆಳಕು ಹರಿಯುವ ಮುಂಚೆ ಇಬ್ಬರು ಮಕ್ಕಳನ್ನು ಚಕ್ಕಡಿ ಹತ್ತಿಸಿ ದತ್ತವಾಡದ ತವರಿಗೆ ಬಂದಳು. ಅವ್ವನ ಅಣ್ಣ ಬಾಗಿಲು ತೆರೆದ. ಆದರೆ ಅಂದಿನಿಂದ ಆ ಮಕ್ಕಳು ಅವನ ಮನೆತನದ ಹೆಸರನ್ನೇ ತಮ್ಮದೆಂದು ಹೇಳಬೇಕಾಯಿತು. ಮುಂದೆ ಮದುವೆಯಾದಾಗ ಗಂಡನ ಮುಂದೆಯೂ ಆಯಿ ಬಾಯಿ ಬಿಡಲಿಲ್ಲ.

“ನಿಮ್ಮಪ್ಪ ಯಾಕ ಕೊಂದ್ರು?” ಎಂದು ಕೇಳಿಯೇಬಿಟ್ಟೆ.

“ಅದನ್ನ ಪುಸ್ತಕದಾಂವ ನೂರು ಪುಟ ಬರದಾನ. ನನಗೇನ ಗೊತ್ತು? ಅಪ್ಪಾ ನನಗ ತಲಿ ಹಿಕ್ಕಿ ಹೆಳಲು ಹಾಕ್ತಿದ್ದ. ಭಾಳ ಬಿಗಿ ಹಾಕ್ತಿದ್ದ, ನೋಯ್ತಿತ್ತು...”

ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಗೆ ಓಣಿಯೇ ಗಪ್ಪಾಯಿತು. ಮಗ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ. “ಯಾರಬೇ ಇವರು?”

“ಸಾಲಿ ಕಲಸೂ ಬಾಯಿ. ಪುಸ್ತಕದ್ದ ಏನೋ ಕೇಳಾಕ ಬಂದಾರ.”

ಅವನು ನೀರು ಕುಡಿದು ಕಟ್ಟೆಯ ಮೇಲೆ ಕೂತ. ನಾನು ನೂಲು ಹಿಡಿದುಕೊಟ್ಟೆ, ಆಯಿ ಸುತ್ತಿದಳು. ಮಗ್ಗ ಮತ್ತೆ ಶುರುವಾದಾಗ ಅವಳು ಕೇಳಿದಳು: “ಮುಂದ ನಂಗ ಓದಾಕ ಆಗಲಿಲ್ಲವ್ವ. ಆ ಸಣ್ಣ ಹುಡಿಗೀದು ಏನರ ಬರದಾನೇನು?”

ಹೇಳಲೋ ಬೇಡವೋ ಎಂದು ತಡವರಿಸಿದೆ. “ಆಕಿ... ಸಿಡುಬು ಬಂದು ಸಾಯ್ತಾಳ್ರಿ.”

ಆಯಿ ನನ್ನ ಮುಖ ನೋಡಿದಳು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಭಾಳ ಚಲೋ ಆತು ನೋಡು. ಇನ್ನ ನನ್ನ ಯಾರೂ ಹುಡಕೂದಿಲ್ಲ!”

ದೀಪಾವಳಿಗೆ ಮತ್ತೆ ಹೋದಾಗ ಆಯಿ ಮಗ್ಗದ ಸದ್ದಿಗೆ ಕಾಯದೆ ತಾನಾಗಿಯೇ ಮಾತು ತೆಗೆದಳು. ಮಗನಿಗೆ ಹೇಳಿಬಿಟ್ಟಿದ್ದಳು. ಎರಡು ದಿನ ಅವನು ಮಾತಾಡಲಿಲ್ಲವಂತೆ.

“ಮೂರನೇ ದಿನ ಉಣ್ಣಾಕ ಕುಂತಾಗ, ಅಜ್ಜ ಕಾಣಾಕ ಹೆಂಗಿದ್ದಬೇ ಅಂತ ಕೇಳಿದ. ನಿನ್ನಂಗ ಕಿವಿ ದೊಡ್ಡವಿದ್ದು ಅಂದೆ. ಹೌದೇನು ಅಂದು ಇನ್ನೊಂದು ರೊಟ್ಟಿ ಹಾಕಿಸ್ಕೊಂಡ.”