ಕಿವಿಯ ಹಿಂದಿನ ಹುಣ್ಣು

ಹುಟ್ಟಿದಾಗಿನಿಂದ ನನ್ನ ಮೈಗೆ ಬಣ್ಣವಿಲ್ಲ. ಕೂದಲು, ಹುಬ್ಬು, ರೆಪ್ಪೆ ಎಲ್ಲ ಬಿಳಿ. ಡಿ. ಹಿರೇಹಾಳ್ ಕಡೆಯ ನಮ್ಮೂರಲ್ಲಿ ಚಿಕ್ಕಂದಿನಿಂದ ಅಪ್ಪನ ಕುರಿಗಳ ಹಿಂದೆ ತಿರುಗಿದವಳು ನಾನು. ಬಿಸಿಲಿಗೆ ಮುಖ ಬೆಂದು ಸಿಪ್ಪೆ ಏಳುತ್ತಿತ್ತು. ಅವ್ವ ಬೆಣ್ಣೆ ಹಚ್ಚುತ್ತಿದ್ದಳು, ಮಾರನೆಯ ದಿನ ಮತ್ತೆ ಅದೇ ಬಯಲು.

ಅಣ್ಣ ರಾಯದುರ್ಗದ ಜೀನ್ಸ್ ಶೆಡ್ಡಿಗೆ ಹೊಲಿಯಲು ಸೇರಿದ ಮೇಲೆ ನನ್ನನ್ನೂ ಕರೆಸಿಕೊಂಡ. ನೆರಳಿನ ಕೆಲಸವೆಂದು ಮನೆಯವರಿಗೆಲ್ಲ ಸಮಾಧಾನ. ದೃಷ್ಟಿ ಮಂದವಾದ್ದರಿಂದ ನನಗೆ ಮಿಷನ್ ಕೊಡಲಿಲ್ಲ. ಹೊಲಿದ ಪ್ಯಾಂಟನ್ನು ಮೂಗಿನ ಹತ್ತಿರ ಹಿಡಿದು ದಾರದ ತುದಿ ಕತ್ತರಿಸುತ್ತಿದ್ದೆ. ಹೊತ್ತು ಏರುವ ಮುಂಚೆ ಒಳಗೆ ಹೋದರೆ, ಮುಳುಗಿದ ಮೇಲೆ ಹೊರಗೆ. ಮಧ್ಯಾಹ್ನ ಉಳಿದವರು ಬೇವಿನ ಮರದಡಿ ಬುತ್ತಿ ಬಿಚ್ಚುವಾಗ ನಾನು ಕಾದ ತಗಡಿನ ಕೆಳಗೆ, ಪ್ಯಾಂಟಿನ ರಾಶಿಯ ಪಕ್ಕ ಒಬ್ಬಳೇ ಉಣ್ಣುತ್ತಿದ್ದೆ. ಹೊರಗೆ ಹೋದರೆ ಸುಡುತ್ತಿತ್ತು, ಒಳಗೆ ಉಸಿರು ಕಟ್ಟುತ್ತಿತ್ತು.

ನನ್ನ ಹಿಂದೆ ಕೂತು ಗುಂಡಿ ಹಾಕುತ್ತಿದ್ದ ವಯಸ್ಸಾದ ಅಕ್ಕನೊಬ್ಬಳು ಯುಗಾದಿಯ ಹೊತ್ತಿಗೆ ಒಂದು ದಿನ ನನ್ನ ತಲೆಯ ಮೇಲಿನ ಸೆರಗು ಸರಿಸಿದಳು.

"ಕಿವಿ ಹಿಂದಿನ ಹುಣ್ಣು ಇನ್ನೂ ಮಾಗಿಲ್ಲಲ್ಲವ್ವ. ದೀಪಾವಳಿಗೇ ನೋಡಿದ್ದೆ. ಯಾಕ ಸುಮ್ನ ಕುಂತಿ?"

ನೋವಿರಲಿಲ್ಲ, ಆಗಾಗ ಕೆರೆಯುತ್ತಿತ್ತಷ್ಟೆ. ರಜೆ ಕೇಳಿದರೆ, ಆರ್ಡರ್ ಮುಗಿಯಲಿ ಎಂದ ಮೇಸ್ತ್ರಿ. ಎರಡು ವಾರ ಕಳೆಯಿತು. ಕೊನೆಗೆ ಅವನನ್ನು ಕೇಳದೆ ಅಕ್ಕನೇ ಛತ್ರಿ ಹಿಡಿದು ನನ್ನನ್ನು ಬಳ್ಳಾರಿಗೆ ಕರೆದೊಯ್ದಳು.

ಡಾಕ್ಟರಮ್ಮ ಕಿವಿಯೊಂದನ್ನೇ ಅಲ್ಲ, ಬೆನ್ನು, ನೆತ್ತಿ, ಅಂಗಾಲನ್ನೂ ನೋಡಿದರು. ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಇನ್ನೂ ಆಳಕ್ಕೆ ಇಳಿದಿಲ್ಲ ಎಂದರು. ಇಷ್ಟು ವರ್ಷ ನೆರಳಲ್ಲೇ ಇದ್ದೇನಲ್ಲ ಎಂದೆ.

"ಸಣ್ಣಾಕಿ ಇದ್ದಾಗಿನ ಬಿಸಿಲು ಈಗ ಹೊರಗ ಬಂದೈತ್ರಿ. ತಿಂಗಳಿಗೊಮ್ಮೆ ಯಾರ ಕೈಲಾದ್ರೂ ಮೈಯೆಲ್ಲ ನೋಡಿಸ್ಕೊಳ್ರಿ. ಹೊಸ ಮಚ್ಚೆ ಎದ್ರ, ಇದ್ದ ಮಚ್ಚೆ ಬಣ್ಣ ಬದಲಾದ್ರ, ಹುಣ್ಣು ಮಾಗದಿದ್ರ ತಡ ಮಾಡಬ್ಯಾಡ್ರಿ."

ನನಗೆ ಅಳು ಬಂದದ್ದು ರೋಗದ ಹೆಸರು ಕೇಳಿ ಅಲ್ಲ. ನನ್ನನ್ನು ನಾನೇ ಕೂಡಿಹಾಕಿಕೊಂಡು ಬಿಸಿಲಿನಿಂದ ಪಾರಾದೆ ಎಂದುಕೊಂಡಿದ್ದೆ. ಅದು ಮೊದಲೇ ನನ್ನೊಳಗೆ ಕೂತಿತ್ತು.

ಆಪರೇಷನ್ ಮಾಡಿದಾಗ ಹುಣ್ಣಿನ ಜೊತೆ ಕಿವಿಯ ಅಂಚೂ ಸ್ವಲ್ಪ ಹೋಯಿತು. ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಶೆಡ್ಡಿಗೇ ಹೋದೆ, ಬೇರೆಲ್ಲಿಗೆ ಹೋಗಲಿ? ತಿಂಗಳಿಗೊಮ್ಮೆ ಅಕ್ಕ ನನ್ನನ್ನು ಸಾಮಾನಿನ ಕೋಣೆಗೆ ಕರೆದು, ಮೊಬೈಲ್ ಬೆಳಕಿನಲ್ಲಿ ಬೆನ್ನು, ಕುತ್ತಿಗೆ ನೋಡುತ್ತಿದ್ದಳು. ಹೋದ ವರ್ಷ ಅವಳು ಕೆಲಸ ಬಿಟ್ಟು ಮಗಳ ಊರಿಗೆ ಹೋದಳು. ಈಗ ಅತ್ತಿಗೆಯನ್ನು ಕೇಳುತ್ತೇನೆ. ನೋಡುತ್ತಾಳೆ, ಆದರೆ ನನ್ನ ಮೈ ಮುಟ್ಟಲು ಇವತ್ತಿಗೂ ಹಿಂಜರಿಯುತ್ತಾಳೆ.